ಲಿಂಗ ತೊಳೆದ ನೀರು ಯಾರ ಮಲ್ಲಿಗೆಗೆ

ನನ್ನ ಓರಗಿತ್ತಿಯ ಮಲ್ಲಿಗೆ ಗಿಡ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ, ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನಾಗಬೇಕು!

ನಾನು ಯಳಂದೂರಿನವಳು. ಮದುವೆಯಾಗಿ ಬಂದಾಗ ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿತ್ತು. ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿ, ಅಷ್ಟಕ್ಕೇ ನಾನು ಆ ಮನೆಯಲ್ಲಿ ‘ಮೈಸೂರು ಸೀಮೆಯೋಳು’ ಆಗಿಬಿಟ್ಟೆ. ಅಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಹಾಗಲ್ಲ. ಆಕೆ ಕೌದಳ್ಳಿಯವಳು, ನಮ್ಮತ್ತೆಗೆ ಸ್ವಂತ ಅಣ್ಣನ ಮಗಳು. ಅತ್ತೆ ಆಕೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ನನಗೆ ಮಾತ್ರ, “ಬಾಚ್ಣಿಗೆ ಗೂಡ್ನಲ್ಲಿ ಅದೆ, ತಕೊ ಅಮ್ಮಿ” ಎನ್ನುತ್ತಿದ್ದರು. ತಾಯಿಯಿಲ್ಲದೆ ಬೆಳೆದವಳಿಗೆ ಅದು ಎಲ್ಲಿ ಚುಚ್ಚುತ್ತದೆ ಅಂತ ಯಾರಿಗೆ ಹೇಳಲಿ?

ಹಿತ್ತಲಲ್ಲಿ ಕನಕಾಂಬರದ ಪಾತಿ ಇಬ್ಬರದೂ. ಅದು ಮುಡಿಯುವ ಹೂವು, ಪೂಜೆಯದಲ್ಲ, ಅದಕ್ಕೆ ಜಗಳವಿರಲಿಲ್ಲ. ಜಗಳವೆಲ್ಲ ದುಂಡುಮಲ್ಲಿಗೆಯದು. ನಾನು ತವರಿನಿಂದ ಎರಡು ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದೆ. ಓರಗಿತ್ತಿಗೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಒಂದನ್ನು ಕೊಟ್ಟೆ. ಬಾಯಿ ಒಡೆದ ಹಳೇ ಮಡಕೆಗಳ ತಳಕ್ಕೆ ತೂತು ಮಾಡಿ, ಕೆರೆಗೋಡು ಮಣ್ಣಿಗೆ ರೇಷ್ಮೆ ಹುಳದ ಹಿಕ್ಕೆ ಬೆರೆಸಿ ತುಂಬಿ, ಆ ಬೇಸಿಗೆಯಲ್ಲಿ ಇಬ್ಬರೂ ಒಟ್ಟಿಗೇ ನೆಟ್ಟೆವು. ನಾನು ನನ್ನದನ್ನು ಬಾವಿಕಟ್ಟೆಯ ಮೇಲಿಟ್ಟೆ. ಅಕ್ಕ ಬಚ್ಚಲ ಗೋಡೆಯ ಮೂಲೆಯಲ್ಲಿ ಸೂರಿನ ಕೆಳಗಿಟ್ಟಳು.

ಮಾರನೆಯ ಬೆಳಗ್ಗೆಯೇ ಶುರುವಾಯಿತು ನನ್ನ ಸಂಕಟ. ಅತ್ತೆ ದಿನಾ ಸ್ನಾನ ಮಾಡಿ, ಕೊರಳಲ್ಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತೊಳೆದು ಪೂಜೆ ಮಾಡುವವರು. ಆ ತೊಳೆದ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹಾಕಬೇಕು. ಪೂಜೆ ಮುಗಿಸಿ ಬಟ್ಟಲು ಹಿಡಿದು ಬಂದರು. ನನ್ನ ಗಿಡದ ಮುಂದೆಯೇ ನಡೆದುಹೋದರು. ಬಚ್ಚಲ ಮೂಲೆಗೆ ಹೋಗಿ ಅಕ್ಕನ ಮಡಕೆಗೆ ಸುರಿದರು!

ಅಯ್ಯೋ ಶಿವನೇ! ಕಡ್ಡಿ ನನ್ನ ತವರಿನದು, ನೀರು ಅಣ್ಣನ ಮಗಳಿಗೆ. ದಿನಾ ಬೆಳಗಾದರೆ ಇದೇ. ನನ್ನ ಗಿಡಕ್ಕೆ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು. ಆಕೆಯದಕ್ಕೆ ಲಿಂಗದ ನೀರು. ಒಲೆ ಮುಂದೆ ಕೂತು ಊದುಗೊಳವೆಯಲ್ಲಿ ಊದುವಾಗ ಹೊಗೆಗೇ ಕಣ್ಣೀರು ಬಂತು ಅಂತ ಎಷ್ಟು ಸಲ ನೆಪ ಹೇಳಿದ್ದೇನೋ!

ಮರುವರ್ಷದ ಶಿವರಾತ್ರಿ ಹೊತ್ತಿಗೆ ಹಳೇ ಎಲೆ ಕತ್ತರಿಸಿ ನೀರು ಕೊಟ್ಟೆವು. ಚಿಗುರಿದ ಮೇಲೆ ಅಕ್ಕನ ಗಿಡ ನೋಡಬೇಕಿತ್ತು, ಎಲೆ ಒಂದೊಂದೂ ಅಗಲವಾಗಿ ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ನನ್ನದರ ಎಲೆ ಬಿಸಿಲಿಗೆ ಸುರುಟಿತ್ತು. ಮೊಗ್ಗೇನೋ ನನ್ನದರಲ್ಲೇ ಇತ್ತು, ಅತ್ತೆ ಪೂಜೆಗೆ ದಿನಾ ಅದನ್ನೇ ಬಿಡಿಸಿಕೊಳ್ಳುತ್ತಿದ್ದರು. ಅದು ನನ್ನ ಲೆಕ್ಕಕ್ಕೇ ಬರಲಿಲ್ಲ. ನನ್ನ ಕಣ್ಣೆಲ್ಲ ಆ ಬಟ್ಟಲ ಮೇಲೆ.

ಕಡೆಗೆ ತಡೆಯಲಾರದೆ ಒಂದು ದಿನ ಅಕ್ಕನ ಹತ್ತಿರ ಹೋದೆ. “ಅಕ್ಕಾ, ನಿನ್ ಮಡಕೆ ಬಾವಿಕಟ್ಟೆ ಮ್ಯಾಲಿದ್ರೆ ನಿಂಗೆ ನೀರುಯ್ಯಾಕೆ ಸುಲಭ. ಬೇಕಾದ್ರೆ ನನ್ ಮಡಕೆ ಇಲ್ಲಿಟ್ಕತೀನಿ...”

ನನ್ನ ಮಾತು ಮುಗಿಯುವ ಮೊದಲೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಕೆ ಎತ್ತಿಬಿಟ್ಟಳು. “ನಿನ್ ಗಿಡದ್ ಹೂವೇ ದಿನಾ ಅತ್ತೆ ಕೈಗೆ ಓಯ್ತದೆ. ನಂಗೇನು ಬಂತು, ತೊಳೆದ್ ನೀರು!” ಎಂದಳು. ಮುಖದಲ್ಲಿ ಎಂಥ ಉರಿ! ನನಗಿಂತ ಏನೂ ಕಮ್ಮಿಯಿಲ್ಲ.

ಮಡಕೆಗಳ ಜಾಗ ಅದಲುಬದಲಾಯಿತು. ಮಾರನೆಯ ದಿನ ಅತ್ತೆಯ ಬಟ್ಟಲ ನೀರು ನನ್ನ ಮಡಕೆಗೆ ಬಿತ್ತು. ನನಗೆ ಕುಣಿಯುವುದೊಂದು ಬಾಕಿ. ಹೀಗೇ ವಾರಗಳು ಹೋದವು. ನನ್ನ ಗಿಡ ಹಸಿರು ಹಸಿರಾಗಿ ಕೊಬ್ಬಿತು, ಒಂದು ಮೊಗ್ಗೂ ಇಲ್ಲ. ಬಾವಿಕಟ್ಟೆಯ ಬಿಸಿಲಿಗೆ ಅಕ್ಕನ ಗಿಡ ಬೆಳ್ಳಗೆ ಮೊಗ್ಗು ಹೊತ್ತು ನಿಂತಿತು. ಒಂದು ಬೆಳಗ್ಗೆ ಅತ್ತೆ ಬಂದು ಆ ಮೊಗ್ಗುಗಳನ್ನು ತಟ್ಟೆಗೆ ಬಿಡಿಸಿಕೊಳ್ಳತೊಡಗಿದರು. ಅಕ್ಕ ಪಕ್ಕದಲ್ಲೇ ನಿಂತು ನನ್ನ ಕಡೆ ನೋಡಿ ನಕ್ಕಳು. ಆ ನಗೆಗೆ ನನ್ನ ಬಾಯಿ ನಿಲ್ಲಲಿಲ್ಲ.

“ಅಲ್ಲ ಅತ್ತೆ, ನೀರು ನನ್ ಗಿಡ್ಕೆ ಉಯ್ದು, ಹೂವ ಅಕ್ಕನ್ ಗಿಡದ್ದು ತಕತೀರಲ್ಲ! ನಿಮ್ ಮನ್ಸು ಯಾರ್ ಕಡೀಕ್ ಅದೆ, ಹೇಳ್ಬುಡಿ!”

ಅಕ್ಕನ ನಗು ಅಲ್ಲೇ ನಿಂತಿತು. ಆಕೆಗೂ ಉತ್ತರ ಬೇಕಿತ್ತಲ್ಲ.

ಅತ್ತೆ ನಮ್ಮಿಬ್ಬರನ್ನೂ ಮಿಕಮಿಕ ನೋಡಿದರು. “ಯಾವ್ದು ಯಾರ್ ಗಿಡವೋ ನಾ ಏನ್ ಕಂಡೆ? ಆ ಮೂಲೇಲಿ ಯಾರೂ ತುಳಿಯಾಕಿಲ್ಲ, ನೀರುಯ್ತೀನಿ. ಊವು ಎಲ್ಲಿ ಅದೋ ಅಲ್ಲಿ ಕಿತ್ಕತೀನಿ. ಬುಡಿ, ಪೂಜೆ ಒತ್ತಾಯ್ತು” ಅಂದು ತಟ್ಟೆ ಹಿಡಿದು ಒಳಗೆ ಹೋದರು.

ನಾವಿಬ್ಬರೂ ಬಾಗಿಲ ಹತ್ತಿರ ನಿಂತೆವು. ಅತ್ತೆ ಮಣೆಯ ಮೇಲೆ ಕೂತು ಲಿಂಗವನ್ನು ಅಂಗೈಯಲ್ಲಿಟ್ಟು ತೊಳೆದರು, ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದರು, ವಿಭೂತಿ ಹಚ್ಚಿದರು, ಮೊಗ್ಗು ಏರಿಸಿದರು. ಆಮೇಲೆ ಅಂಗೈಯನ್ನು ಮುಖದ ಹತ್ತಿರ ತಂದು ನೋಡುತ್ತ ಕೂತರು. ರೆಪ್ಪೆ ಬಡಿಯಲಿಲ್ಲ. ಅಕ್ಕನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಹೊಟ್ಟೆಯುರಿ ಮಾತ್ರ ಇಳಿಯಲಿಲ್ಲ. ಅಕ್ಕನ ತಲೆ ಬಾಚುವಾಗಲೂ ಅತ್ತೆಯ ಮುಖ ಹಾಗಿರುತ್ತಿರಲಿಲ್ಲ. ಮಗುವಿನ ಹಾಗೆ ಅಂಗೈ ತುಂಬ ಕೂತಿದ್ದ ಆ ಲಿಂಗವನ್ನು ನೋಡಿ ನನಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚಾಯಿತು.