ಹಿಂದಿನ ಬೆಂಚಿನ ಅಧಿಕಾರಿ ಮತ್ತು ‘ಪುಟ್ ಅಪ್ ವಿತ್’

ಗಣಿತದ ಮೇಷ್ಟ್ರಾದ ನನಗೆ ಇಂಗ್ಲಿಷಿನ ಪಟ್ಟಾಭಿಷೇಕವಾದದ್ದು ಸುಳ್ಯ ತಾಲೂಕಿನ ಕಾಡಂಚಿನ ಒಂದು ಹೈಸ್ಕೂಲಿನಲ್ಲಿ. ಇಂಗ್ಲಿಷಿನವರು ವರ್ಗವಾಗಿ ಹೋದರು; ಬರಬೇಕಾದವರು ಬರಲಿಲ್ಲ. ಪುತ್ತೂರಿನಲ್ಲಿ ಕೊಂಡ ಗೈಡನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿ, ಹುಟ್ಟಿನಿಂದ ಬಲ್ಲವನ ಗತ್ತಿನಲ್ಲಿ ಒಂಬತ್ತನೇ ತರಗತಿಗೆ ಹೋಗುತ್ತಿದ್ದೆ. ಗುಟ್ಟು ಮಕ್ಕಳಿಗೆ ತಿಳಿದರೆ ನನ್ನ ಗಣಿತವನ್ನೂ ಯಾರೂ ನಂಬಲಾರರೆಂಬ ಹೆದರಿಕೆ ಸದಾ ಜೊತೆಗಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ, ಸುಳಿವೇ ಕೊಡದೆ, ಇಲಾಖೆಯ ಅಧಿಕಾರಿಯೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅಂದಿನ ಪಾಠ ‘ಪುಟ್ ಅಪ್ ವಿತ್’. ಅಂಗೈಯ ಬೆವರಿಗೆ ಚಾಕ್‌ಪೀಸು ಒದ್ದೆಯಾಗಿ ಬೋರ್ಡಿನ ಮೇಲೆ ಅಕ್ಷರ ಮೂಡದಾಯಿತು.

“ಸಹಿಸಿಕೊಳ್ಳುದು ಅಂತ ಅರ್ಥ. ನೀವು ಮನೆಯಲ್ಲಿ ಎಂತ ಸಹಿಸುದು? ವಾಕ್ಯ ಮಾಡಿ,” ಎಂದೆ.

ಜಿಗಣೆ, ಅಜ್ಜಿಯ ಗೊರಕೆ, ಕೈಕೊಡುವ ಕರೆಂಟು ಎಲ್ಲ ವಾಕ್ಯಗಳಲ್ಲಿ ಬಂದವು. ಕಾಡಿನೊಳಗಿನ ಕೊಲ್ಲಮೊಗ್ರು ಊರಿನಿಂದ ಬರುವ ಹುಡುಗಿ “ವೀ ಪುಟ್ ಅಪ್ ವಿತ್ ದಿ ಎಲಿಫೆಂಟ್” ಎಂದಳು.

“ಆನೆಯೇ ನಿಮ್ಮನ್ನು ಸಹಿಸುದು ಮಾರಾಯ್ತಿ,” ಎಂದ ಪಕ್ಕದ ಸಾಲಿನವನು.

ಅಧಿಕಾರಿ ನಕ್ಕರು. ನಾನು ಉಸಿರು ಬಿಟ್ಟೆ. ಬಿಟ್ಟದ್ದು ಅವಸರವಾಯಿತು.

“‘ವಿತ್’ ತೆಗೆದರೆ? ಬರೀ ‘ಪುಟ್ ಅಪ್’ ಅಂದರೆ ಎಂತ?” ಎಂದು ಅವರು ಕೇಳಿದರು.

ಗೈಡಿನಲ್ಲಿ ಅದಿರಲಿಲ್ಲ. ತರಗತಿಯಲ್ಲಿ ನಾನೇ ಹಾಕಿದ ಕಾನೂನೊಂದಿತ್ತು: ಗೊತ್ತಿಲ್ಲದವರು ಕಿಟಕಿಯ ಬಳಿಯ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಹುಡುಕಿ ಗಟ್ಟಿಯಾಗಿ ಓದಬೇಕು. ಅಷ್ಟೂ ತಲೆಗಳು ಕಿಟಕಿಯತ್ತ ತಿರುಗಿದವು. ವಧಾಸ್ಥಾನಕ್ಕೆ ಹೊರಟ ಕೈದಿಯ ಘನತೆಯಿಂದ ನಡೆದೆ. ಹಾಳೆ ಮಗುಚಿದಷ್ಟೂ ‘ಪಿ’ ಅಕ್ಷರವೇ ಸಿಗಲೊಲ್ಲದು. ಕೊನೆಗೂ ಓದಿದೆ: ಗುಡಾರ ಕಟ್ಟುವುದು, ಗೋಡೆಗೆ ಚಿತ್ರ ಹಾಕುವುದು, ಬೆಲೆ ಏರಿಸುವುದು, ನೆಂಟರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು.

“ಮಾಷ್ಟ್ರೇ, ನಿಮಗೆ ಗೊತ್ತಿರ್ಲಿಲ್ವಾ?” ಎಂದರು ಅಧಿಕಾರಿ.

“ಇಲ್ಲ ಸರ್. ನಾನು ಗಣಿತದವ.”

ಕೊಲ್ಲಮೊಗ್ರಿನ ಹುಡುಗಿ ಎದ್ದು ನನ್ನ ಪರ ವಕಾಲತ್ತು ವಹಿಸಿದಳು: “ನಮಗೆ ಜೂನಿನಿಂದಲೇ ಗೊತ್ತುಂಟು ಸರ್. ಗೈಡಿನಲ್ಲಿ ಪ್ರಿಂಟ್ ತಪ್ಪಿದ್ರೆ ಇವರೂ ಅದೇ ತಪ್ಪು ಹೇಳುದು. ನಮ್ಮತ್ರವೂ ಅದೇ ಗೈಡ್ ಉಂಟು.”

ಅಧಿಕಾರಿ ವರದಿಯಲ್ಲಿ ಏನನ್ನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದರು.

ಮುಂದಿನ ಪೀರಿಯಡು ಗಣಿತ. ಮಕ್ಕಳು ಎಂದಿನಂತೆ ನೋಟ್ ಪುಸ್ತಕ ತೆಗೆದು, ನಾನು ಬರೆದ ಲೆಕ್ಕವನ್ನು ಮರುಮಾತಿಲ್ಲದೆ ಬರೆದುಕೊಂಡರು. ಉತ್ತರವನ್ನು ಎರಡೆರಡು ಸಲ ಪರೀಕ್ಷಿಸಿ ನೋಡಿದವನು ನಾನೊಬ್ಬನೇ.