ತಲೆಕೆಳಗಾದರೂ ಬೀಳದ ಎಣ್ಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಮೆರಿಕದಲ್ಲಿ ಕನ್ನಡವೆಂದರೆ ಯಾರಿಗೂ ತಿಳಿಯದ ಗುಟ್ಟಿನ ಭಾಷೆ ಎಂದು ನಂಬಿ, ಒಬ್ಬ ಒಳ್ಳೆಯ ಮನುಷ್ಯನ ಊರದಾರಿಗೆ ಅಡ್ಡ ಮಲಗಿದ ಮೂರ್ಖ ನಾನು.

ಅಮೆರಿಕದ ರೆಸ್ಟನ್ ಊರಿನ ತೈಲ ಸಮೀಕ್ಷೆಯ ಕಚೇರಿಗೆ ಸೇರಿದ ಮೊದಲ ದಿನವೇ ಸಹೋದ್ಯೋಗಿ ಅರ್ತೂರೊ ನನ್ನ ಮೇಜಿನ ಮೇಲೆ ಒಂದು ಬಾಟಲಿಯ ಮುಚ್ಚಳ ತೆಗೆದು ತಲೆಕೆಳಗಾಗಿ ಹಿಡಿದ. (ಅಪ್ಪನ ವಯಸ್ಸಿನವನು, ಇಲ್ಲಿ ಎಲ್ಲರಿಗೂ ಏಕವಚನವೇ.) ಒಳಗಿನ ಕಪ್ಪು ಎಣ್ಣೆ ಕದಲಲಿಲ್ಲ. ಅದು ಅವನ ದೇಶ ವೆನೆಜುವೆಲಾದ ಕಚ್ಚಾತೈಲ, ಜೋನಿಬೆಲ್ಲಕ್ಕಿಂತ ಮಂದ. ನೆಲದೊಳಗೆ ಹಬೆಯೂಡಿ ಮೆತ್ತಗಾಗಿಸಿದರೆ ಸರಾಗವಾಗಿ ಮೇಲೇಳುತ್ತದೆ ಎನ್ನುತ್ತಿದ್ದ. ಅಲ್ಲಿ ಅದು ಸಮುದ್ರದಷ್ಟಿದೆ. ಹಾಗೆ ತೆಗೆಯಲು ಸಾಧ್ಯವೇ ಎಂಬುದು ಒಂದು ತೈಲ ಕಂಪನಿಗಾಗಿ ನಾವು ಬರೆಯುತ್ತಿದ್ದ ವರದಿಯ ಪ್ರಶ್ನೆ. ಹೌದೆಂದರೆ ಬಾವಿ ಕೊರೆಯುತ್ತಾರೆ, ಅರ್ತೂರೊ ಅದರ ಮೇಲ್ವಿಚಾರಕನಾಗಿ ಎಷ್ಟೋ ವರ್ಷಗಳ ಮೇಲೆ ಮನೆಗೆ ಹೋಗುತ್ತಾನೆ.

ಧಾರವಾಡದಲ್ಲಿ ಭೂವಿಜ್ಞಾನ ಓದುವಾಗ ಬಂಡೆಗೆ ಸುತ್ತಿಗೆಯಿಂದ ಹೊಡೆದರೆ ತಕ್ಷಣ ಉತ್ತರ ಸಿಗುತ್ತಿತ್ತು. ಇಲ್ಲಿ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ವಾಲಿಸಿಟ್ಟು ಕಾಯುತ್ತಿದ್ದೆವು. ಮಧ್ಯಾಹ್ನವಿಡೀ ಎಣ್ಣೆ ಉಗುರಿನಷ್ಟು ಜಾರುವ ಹೊತ್ತಿಗೆ ಅವನು ಮಾತಿನಲ್ಲೇ ತನ್ನೂರ ನದಿಯ ದಂಡೆ ಮುಟ್ಟಿರುತ್ತಿದ್ದ, ನಾನು ನಮ್ಮೂರ ಕೆರೆಯಲ್ಲಿ ಅರ್ಧ ಈಜಿರುತ್ತಿದ್ದೆ.

ಒಂದು ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದ ಊಟದ ಸಾಲಿನಲ್ಲಿ, ರೂಮ್‌ಮೇಟ್ ಸತೀಶನನ್ನು ನಗಿಸಲು, ಅರ್ತೂರೊನ ಸ್ಪ್ಯಾನಿಷ್ ರಾಗಕ್ಕೆ ಕನ್ನಡ ಕಟ್ಟಿ ಅವನನ್ನು ಅಣಕಿಸಿದೆ. "ಎಣ್ಣೆ ಬರತ್ತೆ, ಮೈ ಫ್ರೆಂಡ್. ನಾನು ಮನೆಗೆ ಹೋಗ್ಬೇಕು, ಅದಕ್ಕಾದ್ರೂ ಬರತ್ತೆ."

"ಹಾಗಾದ್ರೆ ಅವ್ನ ರಿಪೋರ್ಟ್ ಹೆಂಗೋ ನಂಬೋದು?" ಸತೀಶ ನಗುತ್ತಾ ಕೇಳಿದ.

"ನಂಬಬೇಡ. ಪುಳಿಯೋಗರೆ ಹಾಕಿಸ್ಕೊ."

ಹಿಂದೆ ನಿಂತಿದ್ದ ಅಂಕಲ್ ಒಬ್ಬರು ಮೆಲ್ಲಗೆ ಕೇಳಿದರು: "ತಮ್ಮಾ, ಯಾವ ಆಫೀಸ್ನ್ಯಾಗ ಅದೀಪಾ?"

ಹುಬ್ಬಳ್ಳಿಯ ಮಾತು ಕೇಳಿ ಕರಗಿ, ವಿಳಾಸ ಸಮೇತ ಹೇಳಿದೆ; ಅವರೂ ತಮ್ಮ ಹೆಸರು ಹೇಳಿದರು. ವರದಿ ಬರೆಸುತ್ತಿದ್ದ ಕಂಪನಿಯ ಎಂಜಿನಿಯರ್ ಅವರೇ ಎಂದು ತಿಳಿದದ್ದು ಸೋಮವಾರ, ಅವರ ಸಹಿಯ ಫ್ಯಾಕ್ಸ್ ಬಂದಾಗ. ಅರ್ತೂರೊ ಬರೆದ ಅಧ್ಯಾಯವನ್ನು ಹೊರಗಿನವರು ಮೊದಲಿಂದ ಪರಿಶೀಲಿಸಬೇಕಂತೆ. ಅವನ ಪ್ರಯಾಣ ಒಂದು ವರ್ಷ ಮುಂದಕ್ಕೆ ಹೋಯಿತು.

ಅವನ ಮುಂದೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ಅರ್ತೂರೊ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ.

"ಅಲ್ಲಿ ಮಾಡಿದ್ದನ್ನು ನನ್ನೆದುರು ಮಾಡು."

ಇಂಗ್ಲಿಷಿನಲ್ಲಿ ಮಾಡಿದೆ. ಅವನು ಕೊನೆಯತನಕ ಕೇಳಿದ.

"ದನಿ ನನ್ನದೇ," ಎಂದ. "ಮನೆಗೆ ಹೋಗಬೇಕು ಅಂದೆಯಲ್ಲ, ಅಲ್ಲಿ ಮಾತ್ರ ನೀನು ನಟಿಸಲಿಲ್ಲ."