ಒಣಗೈ ಅಕ್ಕನ ಒಲೆಯ ಮುಂದೆ

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ನೂಡಲ್ಸ್ ತಯಾರಿಸುವ ಆ ಪುಟ್ಟ ಕಾರ್ಖಾನೆಯಲ್ಲಿ ಹಿಟ್ಟಿನ ಹಾಳೆ ರೋಲರಿನಿಂದ ಸೀರೆಯ ಸೆರಗಿನಂತೆ ಇಳಿಯುತ್ತಿದೆ. ಯಂತ್ರ ಅದನ್ನು ಎಳೆ ಎಳೆಯಾಗಿ ಸೀಳುತ್ತಿದ್ದಂತೆ ಅವಳು ಕೋಲು ತೂರಿಸಿ ಎತ್ತುತ್ತಾಳೆ, ಒಣಗಲು ನೇತುಹಾಕುತ್ತಾಳೆ. ಎಲ್ಲಾದರೂ ಎರಡೆಳೆ ಅಂಟಿಕೊಂಡರೆ ಬೆರಳಲ್ಲಿ ಬಿಡಿಸಿ ಚಿಟಿಕೆ ಒಣಹಿಟ್ಟು ಉದುರಿಸುತ್ತಾಳೆ. ಮೊಣಕೈವರೆಗೂ ಬಿಳಿ.

ಇಲ್ಲಿ ಎಲ್ಲರಿಗೂ ಅವಳು ಒಣಗೈ ಅಕ್ಕ. ನೀರು ಕುಡಿದವರು ಕೈ ಬಾಯಿ ಒರೆಸಿಕೊಳ್ಳದೆ ಒಳಗೆ ಬಂದರೆ ಮುಗಿಯಿತು ಕಥೆ.

"ಒಂದು ಹನಿ ಬಿದ್ರೂ ಆ ಕೋಲಿನದ್ದೆಲ್ಲ ಗಂಟಾಗುತ್ತೆ," ಎನ್ನುತ್ತಾಳೆ.

"ಮಳೆ ಬಂದ್ರೆ ಅಕ್ಕ ಮೋಡಕ್ಕೇ ಬೈತಾಳೆ," ಎಂದು ಪಕ್ಕದ ಕೆಲಸದವಳು ಛೇಡಿಸುತ್ತಾಳೆ. ಅಕ್ಕ ತಲೆ ಎತ್ತುವುದಿಲ್ಲ. ತುಟಿಯಂಚಿನಲ್ಲಿ ಮಾತ್ರ ನಗು.

ಮೊದಲು ಲಾಂಡ್ರಿಯಲ್ಲಿದ್ದಳು. ನೀರಿನಲ್ಲೇ ನೆನೆದು ಕೈ ಬಿರಿದು ರಕ್ತ ಬರುತ್ತಿತ್ತು. ಮದುವೆಯಾದ ಮೇಲೆ ಈ ಕೆಲಸ ಸಿಕ್ಕಿತು. ಗಂಡ ಬಸ್ ಡ್ರೈವರ್, ಮೊದಲ ಹೆಂಡತಿ ತೀರಿಕೊಂಡಿದ್ದಾಳೆ. ಮನೆಯಲ್ಲಿ ಅವನ ಹದಿಮೂರರ ಮಗಳಿದ್ದಾಳೆ. ಹುಡುಗಿ ಜಗಳವಾಡಿದವಳಲ್ಲ, ಎದುರು ಮಾತಾಡಿದವಳೂ ಅಲ್ಲ. ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಅಷ್ಟೇ.

"ಬೈದಿದ್ರೆ ವಾಸಿಯಿತ್ತು," ಎನ್ನುತ್ತಾಳೆ ಅಕ್ಕ. "ಬಾಗಿಲ ಹತ್ರ ಏನಂತ ಮಾತಾಡೋದು?"

ಮಧ್ಯಾಹ್ನದ ಮೇಲೆ ಒಂದು ಆಫೀಸು ಗುಡಿಸಿ ಒರೆಸಿ ಮನೆ ಸೇರುವಷ್ಟರಲ್ಲಿ ಹುಡುಗಿಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ. ಬೇಗ ಆಗುವಂಥದ್ದೇ ಬೇಕು. ಒಂದು ಸಂಜೆ ಕಾರ್ಖಾನೆಯ ಮುರುಕು ನೂಡಲ್ಸ್ ತಂದು ಬೇಯಿಸಿದಳು. ವರ್ಷಗಟ್ಟಲೆ ನೇತುಹಾಕಿದ್ದಳೇ ಹೊರತು ಬೇಯಿಸಿದ್ದು ಅದೇ ಮೊದಲು. ಬಸಿದ ಮೇಲೆ ಎಳೆಗಳು ಅಂಟಿಕೊಳ್ಳತೊಡಗಿದವು. ಅವಳ ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಗಿ ಒಣಹಿಟ್ಟು ಉದುರಿಸಿಬಿಟ್ಟಿತು.

"ಇದರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದು ಕಣೇ," ಎಂದ ಗಂಡ, ಸೌಟು ಎತ್ತಿ ನೋಡಿ. ಸೌಟಿನ ಜೊತೆ ಪಾತ್ರೆಯೂ ಮೇಲೆದ್ದಿತ್ತು.

ಕೋಣೆಯ ಬಾಗಿಲು ತೆರೆಯಿತು. "ಆಂಟಿ, ಬೆಂದಿದ್ದಕ್ಕೆ ಹಿಟ್ಟು ಹಾಕಿದ್ರಾ?" ಹುಡುಗಿ ನಗು ತಡೆಯಲಾರದೆ ಬಾಗಿಲಿಗೇ ಒರಗಿದಳು. "ತಣ್ಣೀರು ಹುಯ್ಯಬೇಕು. ಆಮೇಲೆ ಒಂಚೂರು ಎಣ್ಣೆ."

ಅಂದಿನಿಂದ ತಣ್ಣೀರಿನ ಕೆಲಸ ಹುಡುಗಿಯದು. ಈ ಸಂಜೆಯೂ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಾಳೆ. ನೂಡಲ್ಸ್ ಮೇಲೆ ನೀರು ಸುರಿಯುವುದನ್ನು ಅಕ್ಕನಿಗೆ ಈಗಲೂ ನೋಡಲಾಗುವುದಿಲ್ಲ, ಮುಖ ತಿರುಗಿಸುತ್ತಾಳೆ. ಬಾಣಲೆಯಲ್ಲಿ ಬೆಳ್ಳುಳ್ಳಿ, ಶುಂಠಿ ಚಟಪಟ ಎನ್ನುತ್ತವೆ. ಕೋಸು, ಕ್ಯಾರೆಟ್ ಅರೆಬೆಂದು ಕರಕರ ಎನ್ನುವಾಗಲೇ ಸೋಯಾ ಸಾಸ್ ಬೀಳುತ್ತದೆ, ಘಮ್ಮೆಂದು ಹೊಗೆ ಏಳುತ್ತದೆ. ನೂಡಲ್ಸ್ ಹಾಕಿ ಎರಡು ಸಲ ಎಗರಿಸಿದರೆ ಊಟ ತಯಾರು.

ಹುಡುಗಿ ತಟ್ಟೆ ಹಿಡಿದು ಕೋಣೆಯತ್ತ ನೋಡುತ್ತಾಳೆ. ಅಕ್ಕ ಬಾಣಲೆಯನ್ನೇ ನೋಡುತ್ತಾಳೆ.

"ಅಲ್ಲಿಗೆ ಹೋಗೋಷ್ಟರಲ್ಲಿ ಆರಿಹೋಗುತ್ತೆ," ಎಂದು ಹುಡುಗಿ ಯಾರಿಗೂ ಅಲ್ಲದಂತೆ ಹೇಳಿ, ಒಲೆಯ ಕಟ್ಟೆಗೆ ಒರಗಿ ಅಲ್ಲೇ ತಿನ್ನತೊಡಗುತ್ತಾಳೆ. ಈ ವಾರ ಇದು ಎರಡನೆಯ ಸಲ. "ಖಾರ ಕಮ್ಮಿ."

"ನಾಳೆ ನೀನೇ ಹಾಕು."

"ಹಾಕ್ತೀನಿ. ಆಮೇಲೆ ಅಳಬಾರದು."

ಅಕ್ಕನೂ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ಕತ್ತಲಿದ್ದಾಗಿನಿಂದ ನಿಂತ ಕಾಲುಗಳು ಊದಿಕೊಂಡಿವೆ. ಗೋಡೆಯ ಬದಿಗೆ ಸ್ಟೂಲ್ ಇದೆ, ಎಳೆದುಕೊಳ್ಳುವುದಿಲ್ಲ. ಹುಡುಗಿ ಎರಡನೇ ಸಲ ಬಡಿಸಿಕೊಳ್ಳಲು ತಿರುಗಿದಾಗ ಅಕ್ಕ ದನಿ ತಗ್ಗಿಸಿ ತನಗೆ ತಾನೇ ಹೇಳಿಕೊಳ್ಳುತ್ತಾಳೆ:

"ಮುಂದೆ ಯಾವತ್ತಾದ್ರೂ ಇಬ್ಬರೂ ಕೂತು ತಿಂತೀವಿ. ಈಗ ನಾನೊಬ್ಬಳೇ ಕೂತರೆ, ಪಾಪ, ಅವಳೊಬ್ಬಳೇ ನಿಂತಂಗಾಗುತ್ತಲ್ಲ."